ಅತ್ತೆಯವರ ಹಟದಲ್ಲೂ ಅರ್ಥವಿದೆ

ಶಂಕರಘಟ್ಟದ ಸೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರಿಗೆ ಇಲ್ಲಿ ವಿಶ್ವವಿದ್ಯಾಲಯದಲ್ಲಿ ಕೆಲಸ. ಅತ್ತೆಯವರಿಗೆ ಎಪ್ಪತ್ತಾರು. ಶಿವಮೊಗ್ಗದ ಗಾಂಧಿಬಜಾರಿನ ಹತ್ತಿರದ ಹಳೇ ಮನೆಯಲ್ಲಿ ಒಬ್ಬರೇ ಇದ್ದಾರೆ. ಮನೆ ಮಾರಿ ನಮ್ಮಲ್ಲಿಗೆ ಬನ್ನಿ ಅಂದ್ರೆ ಒಪ್ಪೋದಿಲ್ಲ. ಇಲ್ಲಿ ಗಾಳಿ, ಹಸಿರು ಎಲ್ಲಾ ಇದೆ. ಆ ಇಕ್ಕಟ್ಟಿನಲ್ಲಿ ಏನು ಸುಖವೋ! ಹೋದ ವರ್ಷ ಮೂರು ತಿಂಗಳು ಬಂದಿದ್ದಾಗ ಮಂಕಾಗಿಬಿಟ್ಟರು, ಮಂಡಿನೋವೂ ಹೆಚ್ಚಾಯ್ತು. ರಾತ್ರಿ ಒಬ್ಬರೇ ಬಿದ್ದುಗಿದ್ದರೆ ಅಂತ ನನಗೆ ನಿದ್ದೆ ಬರೋದಿಲ್ಲ."

ಸೋದರಿ, ನಿಮ್ಮ ಅಕ್ಕರೆ ದೊಡ್ಡದು. ಆದರೆ ಅತ್ತೆಯವರ ಒಂದು ದಿನವನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಒಂದು ಮೊಳ ಹೂವು, ದೇವಸ್ಥಾನ, ಬರುವಾಗ ಒಂದು ಕಟ್ಟು ಸೊಪ್ಪು. ಸಂಜೆ ಜಗುಲಿಯ ಮೇಲೆ ಎದುರುಮನೆಯವರ ಜೊತೆ ಅವರೆಕಾಯಿ ಬಿಡಿಸುತ್ತಾ ಮಾತು. ಎಂಟು ಗಂಟೆಯಾದರೂ ಬಾಗಿಲು ತೆರೆಯದಿದ್ದರೆ "ಯಾಕಮ್ಮಾ, ಹುಷಾರಿಲ್ವಾ?" ಅಂತ ಕೇಳುವವರು ನಾಲ್ಕು ಮಂದಿ. ಇದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಡಲಾರರು.

ಅರವತ್ತೈದು ದಾಟಿದವರೂ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಅಂಗಡಿ, ಗುಡಿ, ನೆಂಟರಿಷ್ಟರು ಹತ್ತು ನಿಮಿಷದ ನಡಿಗೆಯೊಳಗೆ ಇದ್ದರೆ ಅದು ತಾನೇ ತಾನಾಗಿ ಆಗುತ್ತದೆ. ನಿಮ್ಮಲ್ಲಿ ಗಾಳಿ ಇದೆ ನಿಜ, ಅವರಿಗೆ ಹೊರಗೆ ಕಾಲಿಡಲು ನೆಪವಿಲ್ಲ. ಅವರ ಬಳಗವೆಲ್ಲ ಸುಮಾರು 28 ಕಿಲೋಮೀಟರು ದೂರ. ಮಂಡಿ ಹಿಡಿದದ್ದು ಅದಕ್ಕೇ ಇರಬಹುದು. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ.

ಹಾಗೆಂದು ಹಳೇ ಬೀದಿಯೆಲ್ಲ ಸ್ವರ್ಗವಲ್ಲ. ಒಡೆದ ಚರಂಡಿ ಚಪ್ಪಡಿ, ಫುಟ್‌ಪಾತಿನ ಮೇಲೆ ನಿಂತ ಸ್ಕೂಟರು, ಉರಿಯದ ದೀಪ, ಇವೇ ವಯಸ್ಸಾದವರನ್ನು ಕೆಡವುವುದು. ಇದೇ ಸಂಸ್ಥೆ 2007ರಲ್ಲಿ ಪ್ರಪಂಚದ 33 ನಗರಗಳ ಹಿರಿಯರನ್ನು ಕೇಳಿ ಒಂದು ಕೈಪಿಡಿ ಹೊರತಂದಿತು. ಕೂರಲು ಜಾಗ, ಸಮತಟ್ಟಾದ ಕಾಲುಹಾದಿ, ಶುಚಿಯಾದ ಶೌಚಾಲಯ, ರಸ್ತೆ ದಾಟಲು ಸಾಕಷ್ಟು ಸಮಯ, ಇವೇ ಅದರಲ್ಲಿರುವ ಮುಖ್ಯ ಬೇಡಿಕೆಗಳು. ನಮ್ಮ ಹಿರಿಯರು ಕೂರುವ ಜಾಗವನ್ನು ಜಗುಲಿ ಕಟ್ಟಿಯೇ ಕೊಟ್ಟಿದ್ದರು!

ಆದ್ದರಿಂದ ಸದ್ಯಕ್ಕೆ ಮನೆ ಮಾರಬೇಡಿ. ಮೊದಲು ಬಚ್ಚಲಿಗೆ ಜಾರದ ನೆಲ, ಗೋಡೆಗೆ ಹಿಡಿದುಕೊಳ್ಳಲು ಸರಳು, ಮಂಚದ ಪಕ್ಕ ರಾತ್ರಿದೀಪ ಹಾಕಿಸಿ. ಹಿಂದಿನ ಕೋಣೆಗಳನ್ನು ಒಳ್ಳೆಯ ಸಂಸಾರಕ್ಕೆ ಬಾಡಿಗೆಗೆ ಕೊಡಿ, ರಾತ್ರಿ ಕೂಗಿದರೆ ಓಗೊಡುವವರು ಇರುತ್ತಾರೆ. ಒಂದು ಬೀಗದ ಕೈ ನೆರೆಮನೆಯಲ್ಲಿರಲಿ. ಬೀದಿಯ ಹೆಂಗಸರೆಲ್ಲ ಸಹಿ ಹಾಕಿ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ: ಚಪ್ಪಡಿ, ದೀಪ, ಎರಡು ಕಲ್ಲುಬೆಂಚು. ಫುಟ್‌ಪಾತು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಮರೆವು ಹೆಚ್ಚಾದರೆ, ಪದೇ ಪದೇ ಬೀಳುತ್ತಿದ್ದರೆ ಆಗ ಕರೆತರಲೇಬೇಕು. ಆಗಲೂ ಅವರನ್ನು ಕೇಳಿಯೇ ತೀರ್ಮಾನ ಮಾಡಿ. ಅಲ್ಲಿಯವರೆಗೆ ಭಾನುವಾರ ನೀವೇ ಹೋಗಿ ಬನ್ನಿ. ಮೊಮ್ಮಕ್ಕಳು ಆ ಜಗುಲಿಯ ಮೇಲೆ ಒಂದು ಸಂಜೆ ಕುಳಿತರೆ, ಅಜ್ಜಿ ಯಾಕೆ ಬರೋದಿಲ್ಲ ಅನ್ನೋದು ಅವರಿಗೇ ಗೊತ್ತಾಗುತ್ತದೆ.