ಕತ್ತರಿ ಯಾರದ್ದು ಅಂತ ಯಾರೂ ಕೇಳಲಿಲ್ಲ

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’, ಅಡ್ಡಹೆಸರು ‘ಕಮಲಾ’. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’. ಜೀನೋಮ್ ಎಡಿಟಿಂಗ್ ಮಾಡಿ ತಯಾರಿಸಿದ ದೇಶದ ಮೊದಲ ಭತ್ತದ ತಳಿಗಳು ಇವು. ಮಾರನೇ ದಿನ ನಾವು ನೋಡಿದ ವರದಿಗಳೆಲ್ಲ ಒಂದೇ ಅಚ್ಚಿನವು. ಇಳುವರಿ ಶೇ 19 ಹೆಚ್ಚು, ಕಟಾವು ಸುಮಾರು 20 ದಿನ ಮೊದಲು, 7,500 ದಶಲಕ್ಷ ಘನ ಮೀಟರ್ ನೀರು ಉಳಿತಾಯ. ಪ್ರಕಟಣೆಯ ಸಾಲುಗಳೇ ಕನ್ನಡಕ್ಕೆ ಬಂದಿದ್ದವು, ಬೈಲೈನ್ ಮಾತ್ರ ಬೇರೆ ಬೇರೆ.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಪ್ರಕಟಣೆ ಬಂತು. ಬಿರ್ಸಾ ಮುಂಡಾ ಅವರ 150ನೇ ಜಯಂತಿಯ ಸಂದರ್ಭ. ಸಿಕಲ್ ಸೆಲ್ ಅನೀಮಿಯಾಕ್ಕೆ, ಅಂದರೆ ಕುಡುಗೋಲು ಕಣ ರೋಗಕ್ಕೆ, ದೆಹಲಿಯ ಐಜಿಐಬಿ ಸಂಸ್ಥೆ ರೂಪಿಸಿದ ಜೀನ್ ಚಿಕಿತ್ಸೆಗೆ ‘ಬಿರ್ಸಾ 101’ ಎಂದು ಹೆಸರಿಟ್ಟರು. ಮತ್ತೆ ಅದೇ ಧಾಟಿ: ಪವಾಡ, ಮೈಲಿಗಲ್ಲು, ಸ್ವದೇಶಿ.

ಭತ್ತದ ಸುದ್ದಿ ಕೃಷಿ ಪುಟಕ್ಕೆ ಹೋಯಿತು, ರಕ್ತದ ಸುದ್ದಿ ಆರೋಗ್ಯ ಪುಟಕ್ಕೆ. ಎರಡರ ಹಿಂದೆ ಇರುವ ವಿದ್ಯೆ ಒಂದೇ ಎನ್ನುವುದು ಓದುಗರಿಗೆ ತಿಳಿಯಲೇ ಇಲ್ಲ. ಅದು ತಿಳಿದಿದ್ದರೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತಿತ್ತು. ನಮ್ಮ ತಕರಾರು ಇರುವುದೇ ಇಲ್ಲಿ.

ಆ ವಿದ್ಯೆಯ ಹೆಸರು ಕ್ರಿಸ್ಪರ್. ವೈರಸ್ ದಾಳಿ ಮಾಡಿದಾಗ ಬ್ಯಾಕ್ಟೀರಿಯಾ ಅದರ ಡಿಎನ್‌ಎಯನ್ನು ಗುರುತು ಹಿಡಿದು ಕತ್ತರಿಸುವ ಒಂದು ವ್ಯವಸ್ಥೆ. ಅದನ್ನು ನಮಗೆ ಬೇಕಾದ ಜಾಗದಲ್ಲಿ ಕತ್ತರಿಸುವಂತೆ ಪಳಗಿಸಬಹುದು ಎಂದು ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನ್ನಿಫರ್ ಡೌಡ್ನಾ 2012ರಲ್ಲಿ ತೋರಿಸಿದರು, 2020ರಲ್ಲಿ ನೊಬೆಲ್ ಪಡೆದರು. ‘ಕಮಲಾ’ ತಳಿಯಲ್ಲಿ ಈ ಕತ್ತರಿ ಆಡಿದ್ದು ಸಾಂಬಾ ಮಸೂರಿಯ ಒಂದು ಜೀನ್ ಮೇಲೆ. ತೆನೆಯಲ್ಲಿ ಕಾಳಿನ ಸಂಖ್ಯೆ ಹೆಚ್ಚಿಸುವ ಸೈಟೋಕೈನಿನ್ ಎಂಬ ಹಾರ್ಮೋನನ್ನು ಒಡೆದು ಹಾಕುವ ಕಿಣ್ವ ಆ ಜೀನಿನಿಂದ ಹುಟ್ಟುತ್ತದೆ. ಜೀನ್ ಕೆಟ್ಟರೆ ಹಾರ್ಮೋನು ಉಳಿಯುತ್ತದೆ, ಕಾಳು ಹೆಚ್ಚುತ್ತವೆ. ಬ್ರೇಕ್ ತೆಗೆದ ಹಾಗೆ.

ರಕ್ತದಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ನಿಂತು ದೊಡ್ಡವರ ಹಿಮೋಗ್ಲೋಬಿನ್ ಶುರುವಾಗುತ್ತದೆ. ಸಿಕಲ್ ಸೆಲ್ ಇದ್ದವರಲ್ಲಿ ಕೆಟ್ಟಿರುವುದು ಈ ಎರಡನೆಯದು. ಒಂದೇ ಒಂದು ಅಕ್ಷರದ ತಪ್ಪು, ಅದರಿಂದ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಎಲುಬೆಲುಬಿನಲ್ಲಿ ನೋವು. ‘ಕ್ಯಾಸ್‌ಜೆವಿ’ ಎಂಬ ಚಿಕಿತ್ಸೆಯಲ್ಲಿ ರೋಗಿಯದೇ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಮಗುವಿನ ಹಿಮೋಗ್ಲೋಬಿನ್ ನಿಲ್ಲಿಸುವ ಸ್ವಿಚ್ಚಿಗೆ ಕತ್ತರಿ ಹಾಕಿ, ಮತ್ತೆ ದೇಹಕ್ಕೆ ಬಿಡುತ್ತಾರೆ. ಹಳೆಯ ಒಳ್ಳೆಯ ಹಿಮೋಗ್ಲೋಬಿನ್ ಪುನಃ ಶುರು. ಬ್ರಿಟನ್ 2023ರ ನವೆಂಬರ್‌ನಲ್ಲಿ, ಅಮೆರಿಕ ಅದೇ ಡಿಸೆಂಬರ್‌ನಲ್ಲಿ ಇದಕ್ಕೆ ಅನುಮತಿ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಒಬ್ಬ ರೋಗಿಗೆ 18 ಕೋಟಿ ರೂಪಾಯಿ.

ವಿಜ್ಞಾನ ಅದ್ಭುತ, ಅನುಮಾನವೇ ಇಲ್ಲ. ಕುಲಾಂತರಿ ಅಂದಕೂಡಲೇ ‘ವಿಷ ವಿಷ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬೊಬ್ಬೆ ಹೊಡೆಯುವ ಬಳಗಕ್ಕೆ ನಾವು ಸೇರಿದವರಲ್ಲ. ಬಿಟಿ ಬದನೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ತಂದು ಸೇರಿಸಿದ್ದರು. ‘ಕಮಲಾ’ದಲ್ಲಿ ಉಳಿದಿರುವುದು ಭತ್ತದ್ದೇ ಜೀನಿನಲ್ಲಿ ಆದ ಸಣ್ಣ ಬದಲಾವಣೆ. ಈ ಜೀನ್ ತಗ್ಗಿದರೆ ಕಾಳು ಹೆಚ್ಚುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2005ರಲ್ಲೇ ಕಂಡುಕೊಂಡಿದ್ದು ಹೊಲದಲ್ಲಿ ಬೆಳೆಯುತ್ತಿದ್ದ ಒಂದು ತಳಿಯಿಂದ. ಎರಡನ್ನೂ ಒಂದೇ ಗೋಣಿಗೆ ತುಂಬುವವರು ರೈತರಿಗೆ ಉಪಕಾರವನ್ನೇನೂ ಮಾಡುತ್ತಿಲ್ಲ.

ಆದರೆ ಈ ವ್ಯತ್ಯಾಸವನ್ನೇ ನೆಪ ಮಾಡಿಕೊಂಡು ಸರ್ಕಾರ ಬಾಗಿಲು ಹಾಕಿಕೊಂಡಿದೆ. 2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ ಒಂದು ಜ್ಞಾಪನಪತ್ರ ಹೊರಡಿಸಿತು. ಹೊರಗಿನ ಜೀನ್ ಇಲ್ಲದ ಎಡಿಟೆಡ್ ಸಸ್ಯಗಳಿಗೆ 1989ರ ನಿಯಮಗಳ ಮುಖ್ಯ ಕಲಮುಗಳಿಂದ ವಿನಾಯಿತಿ. ಬಿಟಿ ಬದನೆಯ ಕಾಲ ನೆನಪಿರಬಹುದು. ಜೈರಾಮ್ ರಮೇಶ್ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ್ದರು, ಬೆಂಗಳೂರಿನಲ್ಲೂ ಜನ ತುಂಬಿ ತುಳುಕಿದ್ದರು, 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಬಿತ್ತು. ಆ ನಿರ್ಧಾರ ಸರಿಯೋ ತಪ್ಪೋ, ರೈತರು ಮೈಕ್ ಹಿಡಿದು ಸಚಿವರ ಎದುರು ಮಾತಾಡಿದ್ದಂತೂ ನಿಜ. ಈ ಸಲ ಮೈಕೂ ಇಲ್ಲ, ಸಭೆಯೂ ಇಲ್ಲ.

ಈಗ ಕತ್ತರಿಯ ವಿಷಯ. ಕ್ರಿಸ್ಪರ್ ಪೇಟೆಂಟ್ ಯಾರದ್ದು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟ್ ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡಿವೆ. ಅಮೆರಿಕದ ಪೇಟೆಂಟ್ ಕಚೇರಿ 2022ರಲ್ಲಿ ಬ್ರಾಡ್ ಪರ ಹೇಳಿತು, 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಕರಣವನ್ನು ಮತ್ತೆ ಕೆಳಕ್ಕೆ ಕಳಿಸಿತು. ಕೃಷಿಯಲ್ಲಿ ಇದರ ಲೈಸೆನ್ಸ್ ಕೊಡುವ ದೊಡ್ಡ ಪಾಲು ಕೊರ್ಟೇವಾ ಎಂಬ ಬೀಜ ಕಂಪನಿಯ ಕೈಯಲ್ಲಿದೆ. ಪ್ರಯೋಗಾಲಯದಲ್ಲಿ ಈ ಕತ್ತರಿ ಆಡಿಸಿದರೆ ಯಾರೂ ಕೇಳುವುದಿಲ್ಲ. ಬೀಜವಾಗಿ ಮಾರಾಟಕ್ಕೆ ಇಳಿದರೆ ಮಾಲೀಕರು ಲೆಕ್ಕ ಕೇಳುತ್ತಾರೆ. ನಮ್ಮ ತೆರಿಗೆ ದುಡ್ಡಿನಲ್ಲಿ, ನಮ್ಮ ವಿಜ್ಞಾನಿಗಳು, 1986ರಲ್ಲಿ ಬಾಪಟ್ಲದ ಸರ್ಕಾರಿ ಸಂಶೋಧನಾ ಕೇಂದ್ರದಿಂದ ಬಂದ ತಳಿಯನ್ನು ತಿದ್ದಿದ್ದಾರೆ. 2023-24ರ ಬಜೆಟ್‌ನಲ್ಲಿ ಬೆಳೆಗಳ ಜೀನೋಮ್ ಎಡಿಟಿಂಗ್‌ಗೆಂದೇ 500 ಕೋಟಿ ರೂಪಾಯಿ ಇಟ್ಟಿದ್ದರು. ಇಷ್ಟಾದ ಮೇಲೆ ಬೀಜದ ಚೀಲದ ಬೆಲೆಯಲ್ಲಿ ಪರದೇಶದ ಕತ್ತರಿ ಬಾಡಿಗೆ ಎಷ್ಟು? ಘೋಷಣೆಯ ದಿನ ಕೇಳಬೇಕಿದ್ದ ಮೊದಲ ಪ್ರಶ್ನೆ ಇದಾಗಿತ್ತು.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಬೀಜ ಊರಿಂದೂರಿಗೆ ಸೇರು ಸೇರಾಗಿ ಹರಿದಾಡಿತು, ಯಾರೂ ರಾಯಲ್ಟಿ ಕಟ್ಟಲಿಲ್ಲ. ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೂಡ ರೈತರಿಗೆ ಕೊಟ್ಟಿದೆ. ‘ಕಮಲಾ’ ಬೀಜಕ್ಕೂ ಅದೇ ಹಕ್ಕು ಯಾವ ತಕರಾರಿಲ್ಲದೆ ಅನ್ವಯವಾಗುತ್ತದೆ ಎಂದು ಕೃಷಿ ಸಚಿವಾಲಯ ಒಂದು ಸಾಲು ಬರೆದುಕೊಟ್ಟರೆ ನಮ್ಮ ಅರ್ಧ ಸಿಟ್ಟು ಇಳಿಯುತ್ತದೆ.

ದಾರಿ ಇಲ್ಲ ಎಂದೇನಲ್ಲ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟಿಎನ್‌ಪಿಬಿ ಎಂಬ ಬೇರೆಯೇ ಪುಟ್ಟ ಕತ್ತರಿಯನ್ನು ಪಳಗಿಸಿ 2025ರಲ್ಲಿ ಭಾರತದ ಪೇಟೆಂಟ್ ಪಡೆದರು. ನಮ್ಮ ಲೆಕ್ಕದಲ್ಲಿ ಆ ವರ್ಷದ ದೊಡ್ಡ ಕೃಷಿ ಸುದ್ದಿ ಇದೇ. ಎಷ್ಟು ಕಡೆ ಓದಿದ್ದೀರಿ, ನೆನಪು ಮಾಡಿಕೊಳ್ಳಿ. ‘ಬಿರ್ಸಾ 101’ರ ಹಿಂದಿನ ಕತ್ತರಿಯೂ ಐಜಿಐಬಿಯೇ ಸುಧಾರಿಸಿದ್ದು. ಆದರೆ ಆ ತಂತ್ರಜ್ಞಾನವನ್ನು ಸೀರಂ ಇನ್‌ಸ್ಟಿಟ್ಯೂಟ್‌ಗೆ ವರ್ಗಾಯಿಸಿದ್ದಾರೆ. ಕಂಪನಿಗೆ ಕೊಟ್ಟದ್ದೇ ತಪ್ಪು ಅನ್ನುವುದಿಲ್ಲ, ಯಾರಾದರೂ ತಯಾರಿಸಲೇಬೇಕು. ಗರಿಷ್ಠ ಬೆಲೆಯ ಷರತ್ತು ಒಪ್ಪಂದದಲ್ಲಿ ಇದೆಯೇ ಎಂದಷ್ಟೇ ನಾವು ಕೇಳುತ್ತೇವೆ. ಬುಡಕಟ್ಟು ನಾಯಕನ ಹೆಸರಿಟ್ಟ ಔಷಧಿ ಬುಡಕಟ್ಟಿನವರಿಗೆ ಎಟುಕುವ ಬೆಲೆಯಲ್ಲಿ ಸಿಗಬೇಕು ಎನ್ನುವುದು ಅತಿಯಾಸೆಯೇ?

ಇನ್ನು ಶೇ 19ರ ಕಥೆ. ಯಾವ ತಳಿಗೆ ಹೋಲಿಸಿ? ಎಷ್ಟು ಕೇಂದ್ರಗಳಲ್ಲಿ, ಎಷ್ಟು ಹಂಗಾಮು? ಕೆಟ್ಟ ಕೇಂದ್ರದಲ್ಲಿ ಎಷ್ಟು ಬಂತು? ನೀರಿನ ಉಳಿತಾಯದ ಲೆಕ್ಕವಂತೂ ತಳಿ ಲಕ್ಷಗಟ್ಟಲೆ ಹೆಕ್ಟೇರಿಗೆ ಹಬ್ಬಿದರೆ ಎಂಬ ಊಹೆಯ ಮೇಲೆ ನಿಂತಿದೆ. ಬೀಜ ರೈತನ ಮಡಿಗೆ ಇಳಿಯುವ ಮೊದಲೇ ಉಳಿದ ನೀರನ್ನು ಅಳೆದು ಕೊಟ್ಟವರ ಆತ್ಮವಿಶ್ವಾಸ ಮೆಚ್ಚಬೇಕು. ಅಕ್ಟೋಬರ್‌ನಲ್ಲಿ ‘ಕೊಯಲಿಷನ್ ಫಾರ್ ಎ ಜಿಎಂ-ಫ್ರೀ ಇಂಡಿಯಾ’ ಎಂಬ ಸಂಘಟನೆ ಐಸಿಎಆರ್‌ನದೇ ವರದಿಗಳನ್ನು ಮುಂದಿಟ್ಟು, ಪ್ರಯೋಗದ ಅಂಕಿಅಂಶಕ್ಕೂ ಘೋಷಣೆಗೂ ತಾಳೆಯಾಗುತ್ತಿಲ್ಲ ಎಂದು ಆರೋಪಿಸಿತು. ಐಸಿಎಆರ್ ಅಲ್ಲಗಳೆಯಿತು. ಆ ಸಂಘಟನೆಗೆ ತನ್ನದೇ ನಿಲುವಿದೆ, ಅದು ಹೇಳಿದ್ದೇ ವೇದವಾಕ್ಯವಲ್ಲ. ಕೇಂದ್ರವಾರು ಅಂಕಿಗಳನ್ನು ಎಲ್ಲರಿಗೂ ಓದಲು ಸಿಗುವಂತೆ ಒಂದೇ ಕಡೆ ಹಾಕಿಬಿಟ್ಟರೆ ಜಗಳ ಒಂದು ಮಧ್ಯಾಹ್ನದಲ್ಲಿ ತೀರುತ್ತದೆ.

ಸರ್ಕಾರಿ ವಿಜ್ಞಾನ ಎಂದಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕು ಎನ್ನುವವರಿಗೆ ಧಾರವಾಡದ ಉದಾಹರಣೆ ಕೊಡುತ್ತೇವೆ. ನಾಗಪುರದ ಹತ್ತಿ ಸಂಶೋಧನಾ ಕೇಂದ್ರ ಮತ್ತು ದೆಹಲಿಯ ವಿಜ್ಞಾನಿಗಳ ಜೊತೆ ಸೇರಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ‘ಬಿಕಾನೇರಿ ನರ್ಮಾ ಬಿಟಿ’ ಎಂಬ ಹತ್ತಿ ತಳಿ ತಂದಿತ್ತು. ರೈತರು ಬೀಜ ಉಳಿಸಿಕೊಳ್ಳಬಹುದಾದ ಸ್ವದೇಶಿ ಬಿಟಿ ಎಂದು ಆಗಲೂ ಚಪ್ಪಾಳೆ ಬಿದ್ದಿತ್ತು. ಮಾರುಕಟ್ಟೆಗೆ ಬಂದ ವರ್ಷವೇ ವಾಪಸ್ ಹೋಯಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ಜೀನ್ ಇತ್ತು ಎಂದು ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಚಪ್ಪಾಳೆ ಹೊಡೆದಿದ್ದ ಎಷ್ಟು ಪತ್ರಿಕೆಗಳು ಆ ವರದಿಯನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದವು?

ಸಿಂಧನೂರು, ಗಂಗಾವತಿ ಕಡೆಯ ಓದುಗರಿಗೆ ‘ಪೂಸಾ ಡಿಎಸ್‌ಟಿ’ ಇನ್ನೂ ಹತ್ತಿರದ ವಿಷಯ. ಉಪ್ಪು, ಕ್ಷಾರ ತಡೆದುಕೊಳ್ಳುತ್ತದೆ ಎನ್ನುವ ಈ ತಳಿಯನ್ನು ಶಿಫಾರಸು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು ಭೂಮಿ ಎಷ್ಟು ಹಬ್ಬಿದೆ ಎಂದು ಅಲ್ಲಿಯವರಿಗೆ ನಾವು ಹೇಳಬೇಕಿಲ್ಲ. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆಂದು ಯೋಜಿಸಿದ ನೀರನ್ನು ಮೇಲ್ಭಾಗದಲ್ಲಿ ಭತ್ತಕ್ಕೆ ನಿಲ್ಲಿಸಿದರು, ಬಸಿಗಾಲುವೆ ಹೂಳು ತುಂಬಿತು, ಉಪ್ಪು ಮೇಲೆದ್ದಿತು, ಕೊನೆಭಾಗದ ರೈತರಿಗೆ ನೀರೇ ಬರಲಿಲ್ಲ. ಇಂಥ ಭೂಮಿಯನ್ನು ಬಸಿ ವ್ಯವಸ್ಥೆಯಿಂದ ಸುಧಾರಿಸುವುದು ಹೇಗೆ ಎಂದು ಗಂಗಾವತಿಯ ಸಂಶೋಧನಾ ಕೇಂದ್ರದವರು ದಶಕಗಳಿಂದ ಹೇಳುತ್ತಲೇ ಇದ್ದಾರೆ. ಈಗ ಉಪ್ಪಿನಲ್ಲೂ ಭತ್ತ ಬೆಳೆಯುವ ಬೀಜ ಬಂದರೆ ಏನಾಗಬಹುದು? ನಮ್ಮ ಭಯ ಇಷ್ಟೇ: ಬಸಿಗಾಲುವೆಯ ಹೂಳು ತೆಗೆಯಲು ಇನ್ನು ಯಾರೂ ಅವಸರ ಮಾಡುವುದಿಲ್ಲ. ಭತ್ತ ಇನ್ನಷ್ಟು, ನೀರು ಇನ್ನಷ್ಟು, ಉಪ್ಪೂ ಇನ್ನಷ್ಟು.

ಹಾಡಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯಲ್ಲಿ, ಅಂದರೆ ನಮ್ಮ ಚಾಮರಾಜನಗರದ ಬೆನ್ನಿಗೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಹಳ ಹಿಂದೆಯೇ ಇದರ ತಪಾಸಣೆ ಶುರು ಮಾಡಿತ್ತು. ಸರ್ಕಾರ ಎಚ್ಚೆತ್ತು ರಾಷ್ಟ್ರೀಯ ಅಭಿಯಾನ ಆರಂಭಿಸಿದ್ದು 2023ರ ಜುಲೈ 1ರಂದು. 7 ಕೋಟಿ ಜನರ ತಪಾಸಣೆ, 2047ಕ್ಕೆ ನಿರ್ಮೂಲನೆ ಎಂಬ ಗುರಿ. ತಪಾಸಣೆ ಮಾಡಿ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಮಾತ್ರೆ ನೋವಿನ ಹೊಡೆತವನ್ನು ಎಷ್ಟೋ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿ ಕಾಲು ಶತಮಾನ ದಾಟಿದೆ. ನಮ್ಮ ತಂಡದವರು ಹೋಗಿದ್ದ ಒಂದು ಹಾಡಿಯಲ್ಲಿ ಕಾರ್ಡ್ ಇತ್ತು, ಗೋಡೆಗೆ ಮೊಳೆ ಹೊಡೆದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ತೂಗುಹಾಕಿದ್ದರು. ಮಾತ್ರೆ ಎರಡು ತಿಂಗಳಿಂದ ಬಂದಿರಲಿಲ್ಲ. ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು.

ಜೀನ್ ಚಿಕಿತ್ಸೆಗೆ ತಿಂಗಳುಗಟ್ಟಲೆ ತಯಾರಿ, ಮೂಳೆಮಜ್ಜೆ ಖಾಲಿ ಮಾಡುವಷ್ಟು ತೀಕ್ಷ್ಣವಾದ ಕೀಮೋಥೆರಪಿ, ವಾರಗಟ್ಟಲೆ ಸೋಂಕು ತಗುಲದ ಕೋಣೆ ಬೇಕು. ಇದನ್ನು ಯಾವ ವರದಿಯಾದರೂ ಬಿಡಿಸಿ ಹೇಳಿದ್ದರೆ, ಮಾತ್ರೆಯನ್ನೇ ಪ್ರತಿ ತಿಂಗಳು ತಲುಪಿಸಲಾಗದ ವ್ಯವಸ್ಥೆ ಇದನ್ನು ಹೇಗೆ ತಲುಪಿಸುತ್ತದೆ ಎಂದು ಓದುಗರೇ ಕೇಳುತ್ತಿದ್ದರು. ಮನುಷ್ಯರ ಮೇಲಿನ ಪ್ರಯೋಗ ಇನ್ನೂ ಮುಗಿಯಬೇಕಿದ್ದ ಚಿಕಿತ್ಸೆಗೆ ‘ಬಂದೇಬಿಟ್ಟಿತು’ ಎಂಬ ತಲೆಬರಹ ಕೊಡುವವರು, ಅದನ್ನು ಓದಿ ಆಸೆ ಹೊತ್ತ ತಾಯಿಯೊಬ್ಬಳಿಗೆ ಏನು ಉತ್ತರ ಕೊಡುತ್ತಾರೆ?

‘ವಿಜ್ಞಾನ ವರದಿಗೆ ಜಾಗವೇ ಇಲ್ಲ, ಸಮಯವೂ ಇಲ್ಲ’ ಎಂಬ ಸಬೂಬು ನಮಗೂ ಗೊತ್ತು. ನಮ್ಮಲ್ಲಿ ಅರ್ಧ ಜನ ಅದೇ ಡೆಸ್ಕುಗಳಲ್ಲಿ ರಾತ್ರಿ ಪಾಳಿ ಮಾಡಿದವರು. ಆದರೂ ಪ್ರಕಟಣೆಯ ಕೆಳಗೆ ಸಂಸ್ಥೆಯ ಫೋನ್ ನಂಬರ್ ಇರುತ್ತದೆ, ಒಂದು ಕರೆಗೆ ಹತ್ತು ನಿಮಿಷ ಸಾಕು. ಬೀಜ ಯಾವಾಗ, ಬೆಲೆ ಎಷ್ಟು, ಪೇಟೆಂಟ್ ಯಾರದು. ಉತ್ತರ ಸಿಗದಿದ್ದರೆ ‘ಉತ್ತರ ಸಿಗಲಿಲ್ಲ’ ಎಂದೇ ಬರೆಯಬಹುದು, ಅದೂ ಸುದ್ದಿಯೇ.

ನಾವು ಮೂರು ಮಾಹಿತಿ ಹಕ್ಕು ಅರ್ಜಿಗಳನ್ನು ತಯಾರು ಮಾಡಿದ್ದೇವೆ. ಎರಡೂ ಭತ್ತದ ತಳಿಗಳ ಕೇಂದ್ರವಾರು ಪ್ರಯೋಗದ ಅಂಕಿಗಳು ಮತ್ತು ಕತ್ತರಿಯ ಲೈಸೆನ್ಸ್ ಒಪ್ಪಂದ ಕೇಳಿ ಐಸಿಎಆರ್‌ಗೆ ಒಂದು. ತಂತ್ರಜ್ಞಾನ ವರ್ಗಾವಣೆಯಲ್ಲಿ ಬೆಲೆಯ ಷರತ್ತು ಕೇಳಿ ಸಿಎಸ್‌ಐಆರ್‌ಗೆ ಒಂದು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಿಂಗಳುವಾರು ಎಷ್ಟು ಹೈಡ್ರಾಕ್ಸಿಯೂರಿಯಾ ಮಾತ್ರೆ ಬಂದಿದೆ ಎಂದು ಕೇಳಿ ರಾಜ್ಯ ಆರೋಗ್ಯ ಇಲಾಖೆಗೆ ಒಂದು. ಮೂರನೆಯದನ್ನು ತಾಲ್ಲೂಕು ಮಟ್ಟದಲ್ಲೂ ಹಾಕಬೇಕಿದೆ. ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ವಿರಾಜಪೇಟೆ ಕಡೆ ಇರುವವರು ಜೊತೆಯಾದರೆ ಅರ್ಜಿಯ ಪ್ರತಿ ಕಳಿಸುತ್ತೇವೆ. ಹತ್ತು ರೂಪಾಯಿ ಶುಲ್ಕ, ಒಂದು ಅಂಚೆ ಲಕೋಟೆ. ಉತ್ತರ ಬಂದದ್ದನ್ನೂ ಬಾರದ್ದನ್ನೂ ಇಲ್ಲೇ ಹಾಕುತ್ತೇವೆ.