ಪೇಪರ್ ಟೌನಿನ ಪೇಪರ್

“ಪೇಪರ್ ಬಂತಾ?” ಎಂದು ನಮ್ಮ ಶಿವಮೊಗ್ಗ ಸೀಮೆಯಲ್ಲಿ ಯಾರಾದರೂ ಕೇಳಿದರೆ, ಕೇಳಿದವರು ಯಾರೆಂದು ನೋಡಿಕೊಂಡೇ ಉತ್ತರ ಹೇಳಬೇಕು. ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತ ಅಜ್ಜನಿಗೆ ಅದು ದಿನಪತ್ರಿಕೆ. ಶಾಲೆಯ ಹುಡುಗಿಗೆ ಮೇಷ್ಟ್ರು ತಿದ್ದಿ ಕೊಡಬೇಕಾದ ಉತ್ತರಪತ್ರಿಕೆ. ಸಾಗರದ ಕಡೆಯ ರೈತನಿಗೆ ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿಕೊಂಡಿರುವ ಹಕ್ಕುಪತ್ರ. ಕಾಲೇಜು ಅಧ್ಯಾಪಕರಿಗೆ ವಿಚಾರ ಸಂಕಿರಣದ ಪ್ರಬಂಧ. ಅದನ್ನವರು ‘ಪ್ರೆಸೆಂಟ್’ ಮಾಡುತ್ತಾರೆ, ಕೆಲವೊಮ್ಮೆ ಬರೆಯುತ್ತಾರೆ ಕೂಡ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಮಗ “ಪೇಪರ್ ಹಾಕಿದೆ” ಎಂದರೆ ಕೆಲಸ ಬಿಟ್ಟ ಎಂದರ್ಥ. ಬೆಳಗಿನ ಜಾವ ಸೈಕಲ್ ತುಳಿಯುವ ಹುಡುಗ ಅದೇ ಮಾತು ಹೇಳಿದರೆ ಅವತ್ತಿನ ಕೆಲಸ ಮುಗಿಸಿದ ಎಂದರ್ಥ. ಇನ್ನು ಪೇಪರ್ ದೋಸೆಯಲ್ಲಿ ಕಾಗದವೇ ಇಲ್ಲ, ಅದರ ತೆಳುವು ಮಾತ್ರ ಇದೆ.

ಒಂದೇ ಪದಕ್ಕೆ ಇಷ್ಟು ಕೆಲಸ ಹೊರಿಸಿದ್ದು ಇಂಗ್ಲಿಷಿನ ಬಡತನ ಎಂದು ಬೀಗುವವರಿದ್ದಾರೆ. ಕನ್ನಡದಲ್ಲಿ ಪತ್ರಿಕೆ ಬೇರೆ, ಕಾಗದ ಬೇರೆ, ಹಾಳೆ ಬೇರೆ ಎನ್ನುತ್ತಾರೆ. ಆದರೆ ನಮ್ಮ ಪದಗಳೂ ಸುಮ್ಮನೆ ಕೂತಿಲ್ಲ. ಅಂಗಡಿಯಲ್ಲಿ ಕೊಳ್ಳುವುದು ಕಾಗದ, ಅಂಚೆಯವನು ತರುವುದೂ ಕಾಗದ. ಆ ಪದವೇ ಪಾರಸಿಯಿಂದ ಬಂದದ್ದು. ಹಾಳೆ ಎಂದರೆ ಮಲೆನಾಡಿನ ತೋಟದವನಿಗೆ ಮೊದಲು ನೆನಪಾಗುವುದು ಅಡಿಕೆ ಹಾಳೆ, ಆಮೇಲೆ ನೋಟ್‌ಬುಕ್ಕಿನದು. ಓಲೆ ತಾಳೆಗರಿಯಾಗಿತ್ತು, ಗರಿ ಹೋದ ಮೇಲೂ ಕರೆಯೋಲೆಯಲ್ಲಿ, ಕಿವಿಯೋಲೆಯಲ್ಲಿ ಉಳಿದಿದೆ.

ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಇಂದಿಗೂ ಆಕರ. ಈಗ ಬಟ್ಟೆ, ಇದ್ದಿಲು, ಬಳಪ ಎಲ್ಲವೂ ಮಾಯವಾಗಿ ಸರ್ಕಾರಿ ಕಚೇರಿಯ ಫೈಲು ಮಾತ್ರ ಕಡತವಾಗಿದೆ. ಅದೂ ಕಂಪ್ಯೂಟರಿನೊಳಗೆ ಹೊಕ್ಕು ‘ಇ-ಕಡತ’ ಆಗುತ್ತಿದೆ. ವಸ್ತು ತೀರಿಹೋದರೂ ಪದ ತೀರುವುದಿಲ್ಲ, ಬೇರೆ ಕೆಲಸ ಹುಡುಕಿಕೊಳ್ಳುತ್ತದೆ. ಪೇಪರ್ ಈಗ ಅದೇ ದಾರಿ ಹಿಡಿದಿದೆ. ಇ-ಪೇಪರ್ ಓದುತ್ತೇವೆ, ಆನ್‌ಲೈನ್ ಪೇಪರ್ ಬರೆಯುತ್ತೇವೆ, ಅದು ಸೋರಿದರೆ ‘ಪೇಪರ್ ಲೀಕ್’ ಎಂದು ಬೀದಿಗಿಳಿಯುತ್ತೇವೆ.

ಈ ಮಾತನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿಗೆ ಮೊದಲು ಬಂದದ್ದು ಕಬ್ಬಿಣದ ಕಾರ್ಖಾನೆ. 1923ರಲ್ಲಿ ಉತ್ಪಾದನೆ ಶುರುವಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು, 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಜನರ ಬಾಯಲ್ಲಿ ಅದು ಎಂಪಿಎಂ, ಅದರ ಸುತ್ತ ಬೆಳೆದ ಬಡಾವಣೆ ಪೇಪರ್ ಟೌನ್. ಕಾಡಿನ ಬಿದಿರು ಲಾರಿಯಲ್ಲಿ ಬಂದು, ಚೂರಾಗಿ, ಬೆಂದು, ತಿರುಳಾಗಿ, ಭದ್ರಾ ಹೊಳೆಯ ನೀರು ಕುಡಿದು ಹಾಳೆಯಾಗುತ್ತಿತ್ತು. 1980ರ ದಶಕದಲ್ಲಿ ಸುದ್ದಿಕಾಗದವೂ ಸೇರಿತು, ತನ್ನದೇ ಸಕ್ಕರೆ ಕಾರ್ಖಾನೆಯೂ ಬಂತು. ಬೇರೆ ಊರಿನವರಿಗೆ ಪೇಪರ್ ಎಂದರೆ ಓದುವುದು, ಬರೆಯುವುದು. ಇಲ್ಲಿ ಮಾತ್ರ ಮೂರು ಪಾಳಿ, ಸೈರನ್ನು, ಕ್ವಾರ್ಟರ್ಸು, ತಿಂಗಳ ಸಂಬಳ. ಈ ಅರ್ಥ ಯಾವ ನಿಘಂಟಿಗೂ ಸೇರಲಿಲ್ಲ.

ಯಂತ್ರಗಳು 2015–16ರ ಹೊತ್ತಿಗೆ ನಿಂತವು. ಪೇಪರ್ ಟೌನ್ ನಿಲ್ಲಲಿಲ್ಲ. ಪೇಪರ್ ಟೌನ್ ಪೊಲೀಸ್ ಠಾಣೆ ಇದೆ, ಅಂಚೆ ವಿಳಾಸ ಇದೆ, ಬಸ್ಸಿನ ಕಂಡಕ್ಟರ್ ಆ ಹೆಸರನ್ನು ಕೂಗುತ್ತಲೇ ಇದ್ದಾರೆ. ತಯಾರಾಗುವ ಪೇಪರ್ ಮಾತ್ರ ಇಲ್ಲ.

ಆದರೆ ಪದದ ಬದುಕನ್ನು ನೋಡಿ ಸಂತೋಷಪಡುವಾಗ ಅದರ ಬೆಲೆ ತೆತ್ತವರು ಯಾರೆಂಬುದೂ ನೆನಪಿರಬೇಕು. ಬಿದಿರು ಸಾಲದೆ ಹೋದಾಗ ನೀಲಗಿರಿ, ಅಕೇಶಿಯಾ ಬಂದವು. ಮಲೆನಾಡಿನಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ ಕಾರ್ಖಾನೆಗೆ ಗುತ್ತಿಗೆಯಾಗಿತ್ತು. ಗುತ್ತಿಗೆಯ ಅವಧಿ 2020ರಲ್ಲಿ ಮುಗಿದಾಗ, ಕಾಗದ ತೆಗೆಯದ ಕಾರ್ಖಾನೆಯ ಹೆಸರಿಗೆ ಅದನ್ನು ಇನ್ನೂ 40 ವರ್ಷ ವಿಸ್ತರಿಸಲಾಯಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಜನ ಎದ್ದದ್ದು ಆಗಲೇ. ಇದೇ ಜಿಲ್ಲೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ನೆಲಕ್ಕೆ ಹಕ್ಕುಪತ್ರ ಕೇಳುತ್ತ ಪಾದಯಾತ್ರೆ ಮಾಡುತ್ತಾರೆ. ಕಾರ್ಖಾನೆ ಇಲ್ಲದ ಪೇಪರ್‌ಗೆ ನೆಲ ಸಿಕ್ಕಿತು. ನೆಲ ಉತ್ತವರಿಗೆ ಪೇಪರ್ ಸಿಗಲಿಲ್ಲ. ಪೇಪರ್ ಪದದ ಅರ್ಥಗಳಲ್ಲಿ ಯಾವುದು ಭಾರ ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಇದನ್ನೇ.

ಕನ್ನಡ ಪುಸ್ತಕಗಳ ಎರಡನೆಯ ಪುಟದಲ್ಲಿ ಮಾತ್ರ ‘ಬಳಸಿದ ಕಾಗದ’ ಎಂದೇ ಅಚ್ಚಾಗುತ್ತದೆ. ಪಕ್ಕದಲ್ಲಿ ಜಿಎಸ್‌ಎಂ, ಮ್ಯಾಪ್‌ಲಿಥೊ, ಡೆಮಿ ಎಲ್ಲ ಇಂಗ್ಲಿಷಿನವೇ ಇದ್ದರೂ ಆ ಒಂದು ಪದವನ್ನು ನಮ್ಮ ಪ್ರಕಾಶಕರು ಬಿಟ್ಟುಕೊಟ್ಟಿಲ್ಲ. ಯಾಕೋ ತಿಳಿಯದು, ಬಿಟ್ಟುಕೊಡದಿರಲಿ.

ಓದುಗರಲ್ಲಿ ಒಂದು ಕೋರಿಕೆ. ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್ ಎಂದು ಟೌನುಗಳಲ್ಲೇ ಹಂಚಿಹೋದ ಊರು ಭದ್ರಾವತಿ. ಕ್ವಾರ್ಟರ್ಸ್ ಎಂದರೆ ಅಲ್ಲಿ ಮನೆ. ಕೊನೆಯ ಅಕ್ಷರ ಬಿಟ್ಟರೆ ಬಾಟಲಿ. ನಿಮ್ಮ ಕಾರ್ಖಾನೆ, ತೋಟ, ಗಣಿ, ಬಂದರುಗಳಲ್ಲಿ ಇಂಗ್ಲಿಷ್ ಪದಗಳು ಪಡೆದ ಇಂಥ ಅರ್ಥಗಳಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ.