ಎತ್ತಿನ ಬಂಡಿಯ ನೀರಿನ ಊರು

ಸಿಂಗಪುರದ ಚೈನಾಟೌನನ್ನು ಅಲ್ಲಿಯ ಚೀನೀಯರು ಕರೆಯುವುದು 'ನ್ಯೂ ಚ ಶುಯ್' ಎಂದು. ಎತ್ತಿನ ಬಂಡಿಯ ನೀರು ಎಂದು ಇದರರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಆನ್ ಸಿಯಾಂಗ್ ಗುಡ್ಡದ ಬಾವಿಗಳಿಂದ ಎತ್ತುಗಳು ಈ ಕೇರಿಗೆ ನೀರು ಎಳೆದು ತರುತ್ತಿದ್ದವು. ಮುಗಿಲು ಮುಟ್ಟುವ ಕಟ್ಟಡಗಳ ನಡುವೆಯೂ ಹೆಸರು ಅಳಿದಿಲ್ಲ. ಎತ್ತನ್ನು ಬಸವಣ್ಣನೆಂದೇ ಕರೆಯುವ ಮನೆಗಳ ನಮಗೆ ಅದನ್ನು ಕೇಳಿ ಸಂತೋಷವೇ ಆಯಿತು.

ಅಲ್ಲಿಯ ಪಗೋಡಾ ಬೀದಿಯ ಹೆಸರು ಕೇಳಿ ಬೌದ್ಧ ಪಗೋಡವನ್ನು ಹುಡುಕುತ್ತ ಹೋದವರಿಗೆ ಕಾಣುವುದು ಶ್ರೀ ಮಾರಿಯಮ್ಮನ ಗುಡಿಯ ಗೋಪುರ! ಬೀದಿಗೆ ಹೆಸರು ಬಂದದ್ದೇ ಅದರಿಂದ. 1827ರಲ್ಲಿ ನಾರಾಯಣ ಪಿಳ್ಳೈ ಎಂಬವರು ಮರ ಮತ್ತು ಗರಿಗಳಿಂದ ಕಟ್ಟಿಸಿದ ಈ ಗುಡಿ ಸಿಂಗಪುರದ ಹಿಂದೂ ದೇಗುಲಗಳಲ್ಲಿಯೇ ಹಳೆಯದು. ಕೆಲವೇ ಹೆಜ್ಜೆಗಳ ಆಚೆಗೆ ಮಸೀದಿಯಿದೆ. 2007ರಲ್ಲಿ ತೆರೆದ ಬುದ್ಧದಂತ ದೇಗುಲವೂ ಸಮೀಪದಲ್ಲಿಯೇ ಇದೆ.

ಪ್ರವಾಸಿಗರು ಬೇಗ ದಾಟಿಬಿಡುವ ಸ್ಥಳವೊಂದುಂಟು: ಸಾಗೋ ಓಣಿ. ಸಾಬೂದಾನಿಯ ಕಾರ್ಖಾನೆಗಳಿಂದ ಬಂದ ಹೆಸರಿದು. ಮುಂದೆ ಅದು 'ಸಾವಿನ ಮನೆ'ಗಳ ಓಣಿಯೆನಿಸಿತು. ಮನೆಯೊಳಗೆ ಸಾವು ಸಂಭವಿಸುವುದು ಅಶುಭವೆಂಬ ನಂಬಿಕೆಯಿಂದ, ಬಂಧುಬಳಗವಿಲ್ಲದ ಬಡ ಕೂಲಿಗಳನ್ನು ಕಡೆಗಾಲದಲ್ಲಿ ಇಲ್ಲಿಗೆ ತರುತ್ತಿದ್ದರು. 1961ರಲ್ಲಿ ಸರಕಾರ ಇವುಗಳನ್ನು ನಿಷೇಧಿಸಿತು. ಸೂತಕವನ್ನೇ ಅಲ್ಲಗಳೆದ ಶರಣರ ಪರಂಪರೆಯವರಾದರೂ ಆ ಜನರನ್ನು ಹಳಿಯಲು ನಮಗೆ ಮನಸ್ಸಾಗಲಿಲ್ಲ. ಒಂದೇ ಮನೆಯಲ್ಲಿ ಹತ್ತಾರು ಜನ ಒತ್ತೊತ್ತಾಗಿ ಮಲಗುತ್ತಿದ್ದ ಕಾಲದಲ್ಲಿ ಸಾಯುವುದಕ್ಕೂ ಜಾಗ ಬೇಕಷ್ಟೆ?

ಕೆಂಪು ಶಿರೋವಸ್ತ್ರ ಧರಿಸಿ ಇಟ್ಟಿಗೆ, ಮಣ್ಣು ಹೊತ್ತ 'ಸಂಸುಯಿ' ಸ್ತ್ರೀಯರು ನೆಲೆಸಿದ್ದುದೂ ಈ ಕೇರಿಯಲ್ಲಿಯೇ. ದಕ್ಷಿಣ ಚೀನದಿಂದ ಬಂದು, ಹೊಟ್ಟೆಬಟ್ಟೆ ಕಟ್ಟಿ ಊರಿಗೆ ಹಣ ಕಳುಹಿಸುತ್ತಿದ್ದ ಈ ತಾಯಂದಿರ ಕಾಯಕದಿಂದ ಆ ನಗರದ ಎಷ್ಟೋ ಗೋಡೆಗಳು ಮೇಲೆದ್ದವು.

ಇನ್ನು ಊಟದ ಮಾತು. ಬೀದಿಬದಿಯ ಅಂಗಡಿಗಳನ್ನು 1983ರಲ್ಲಿ ಚೈನಾಟೌನ್ ಕಾಂಪ್ಲೆಕ್ಸ್ ಎಂಬ ಕಟ್ಟಡದೊಳಕ್ಕೆ ಸೇರಿಸಿದರು. ಅಲ್ಲಿ ಇನ್ನೂರಕ್ಕೂ ಮಿಕ್ಕಿ ಊಟದ ಮಳಿಗೆಗಳಿವೆ. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ತರಕಾರಿಯೇ ಕಂಡರೂ ಹಂದಿಯ ಕೊಬ್ಬು, ಒಣಸಿಗಡಿ, ಸಿಂಪಿಯ ಸಾರ ಬೆರೆತಿರಬಹುದು. 'ಕ್ಯಾರೆಟ್ ಕೇಕ್' ಎಂಬುದರಲ್ಲಿ ಗಜ್ಜರಿಯೇ ಇಲ್ಲ. ಅಕ್ಕಿಹಿಟ್ಟು ಮತ್ತು ಮೂಲಂಗಿಯನ್ನು ಸಾಮಾನ್ಯವಾಗಿ ಮೊಟ್ಟೆಯೊಡನೆ ಹುರಿದ ತಿನಿಸು ಅದು. ಬೌದ್ಧ ಸಸ್ಯಾಹಾರದ ಮಳಿಗೆಗಳನ್ನು ಕೇಳಿ ಹೋಗುವುದೇ ಲೇಸು. ಅವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿಯನ್ನು ಊಹಿಸಲಾರದ ನಮಗೆ ಇದು ಸೋಜಿಗ. ಆದರೆ ಗೋದಿಯ ಅಂಟು, ಸೋಯಾಗಳಿಂದ ಬಾತುಕೋಳಿ, ಮೀನುಗಳ ಆಕಾರ ಮಾಡಿ ಬಡಿಸುವುದೇಕೋ! ಮಾಂಸವನ್ನು ಬಿಟ್ಟಮೇಲೆ ಅದರ ರೂಪದ ಹಂಬಲವೇಕೆ ಎಂದು ನಮಗೆ ಅನ್ನಿಸಿತು.

ನಮಗೆ ಮೆಚ್ಚಿಗೆಯಾದದ್ದು 'ತೌ ಹುವೇ'. ಸೋಯಾ ಹಾಲನ್ನು ಮೊಸರಿನಂತೆ ಹೆಪ್ಪುಗಟ್ಟಿಸಿ ಮೇಲೆ ಸಕ್ಕರೆಪಾಕ ಸುರಿಯುತ್ತಾರೆ. ಬಿಸಿಯಾಗಿದ್ದಾಗಲೇ ತಿನ್ನಬೇಕು; ಹಲ್ಲಿಲ್ಲದ ಅಜ್ಜಂದಿರಿಗೂ ಕಷ್ಟವಿಲ್ಲ.